ಜೋಯಿಸರ ಪ್ರದಕ್ಷಿಣೆ

"ಅಜ್ಜೀ, ಗೊತ್ತಿಲ್ಲದವನು ಎಡವಿದರೆ ಸರಿ. ಗೊತ್ತಿದ್ದವನು ಯಾಕೆ ಎಡವುತ್ತಾನೆ?"

ಹೀಗೆ ಕೇಳಿದವನು ಓಬಳೇಶ. ನನ್ನ ಹತ್ತಿರ ತತ್ವಪದ ಕಲಿಯೋದಕ್ಕೆ ಬರುವವನು. ಪದಗಳೆಲ್ಲ ಅವನಿಗೆ ಬಾಯಿಪಾಠ. ಆದರೂ ಹಿಂದಿನ ದಿನ ಮಠದ ಜಗಲಿಯ ಮೇಲೆ ಹಾಡುತ್ತಾ ಒಂದು ಪದದಿಂದ ಇನ್ನೊಂದು ಪದಕ್ಕೆ ಜಾರಿಬಿಟ್ಟಿದ್ದ. ಜನ ನಕ್ಕಿದ್ದರು. ಅದು ಅವನಿಗೆ ಇನ್ನೂ ಚುಚ್ಚುತ್ತಿತ್ತು.

ಬಾಪ್ಪ, ಕೂತುಕೋ ಅಂದೆ. ಗೋಡೆಗೆ ಒರಗಿಕೋ. ಕಾಲು ಚಾಚಿದರೂ ಪರವಾಗಿಲ್ಲ, ನಾನೇನೂ ಅನ್ನೋದಿಲ್ಲ. ಒಂದು ಕತೆ ಹೇಳ್ತೀನಿ, ಪೂರಾ ಕೇಳು. ನಡುವೆ ಎದ್ದು ಹೋದರೆ ಅರ್ಧ ಉಂಡ ಹಾಗೆ.

ಒಬ್ಬರು ಜೋಯಿಸರು ಇದ್ದರು. ಮದುವೆ, ಮುಂಜಿ, ಗೃಹಪ್ರವೇಶ ಮಾಡಿಸುವವರು. ಹೆಸರು ಬೇಡ, ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಅವರ ಹೆಂಡತಿಯೇ ನನಗೆ ಈ ಕತೆ ಹೇಳಿದ್ದು. ಜೋಯಿಸರಿಗೆ ಎರಡು ವಿದ್ಯೆಯ ಮೇಲೆ ಬಹಳ ಅಭಿಮಾನ. ಒಂದು ಮಂತ್ರ, ಇನ್ನೊಂದು ಕಾರು. ಎಷ್ಟು ದೂರದ ಮದುವೆಯಾದರೂ ತಾವೇ ಕಾರು ಬಿಟ್ಟುಕೊಂಡು ಹೋಗುವರು. ಒಂದು ಸಲವೂ ಯಾರಿಗೂ ತಾಗಿಸಿದವರಲ್ಲ.

ಅವರ ಕಡೆಯ ಒಂದು ಮನೆತನ ದೂರದೇಶದಲ್ಲಿ ನೆಲೆಸಿತ್ತು. ಆ ಮನೆಯ ಹುಡುಗನ ಮದುವೆ ಅಲ್ಲೇ ಗೊತ್ತಾಯಿತು. ಮುಹೂರ್ತ ಗೋಧೂಳಿ ಲಗ್ನಕ್ಕೆ. ನಮ್ಮ ಜೋಯಿಸರೇ ಬಂದು ಮಾಡಿಸಬೇಕು ಅಂತ ಹುಡುಗನ ತಂದೆ ಹಟ ಹಿಡಿದ. ಜೋಯಿಸರು ಹೆಂಡತಿಯನ್ನು ಕರೆದುಕೊಂಡು ವಿಮಾನ ಹತ್ತಿದರು. ಆ ದೇಶದಲ್ಲಿ ಕಾರು ಓಡಿಸುವ ಪರವಾನಗಿಯನ್ನೂ ಮಾಡಿಸಿಕೊಂಡೇ ಹೊರಟಿದ್ದರು.

ವಿಮಾನ ಪಡುವಣಕ್ಕೆ ಹಾರಿತು. ಎಷ್ಟು ಹೊತ್ತಾದರೂ ಸೂರ್ಯ ಮುಳುಗಲೇ ಇಲ್ಲ. ಸೂರ್ಯ ಮುಳುಗದೆ ಸಂಜೆಯ ಸಂಧ್ಯಾವಂದನೆ ಮಾಡುವುದು ಹೇಗೆ? ಅರ್ಘ್ಯ ಕೊಡದೆ ಮಲಗುವುದು ಹೇಗೆ? ಜೋಯಿಸರು ಕಿಟಕಿಯ ಪಕ್ಕ ಕಣ್ಣು ಬಿಟ್ಟುಕೊಂಡೇ ಕೂತರು. ಹೆಂಡತಿ ಎರಡು ನಿದ್ದೆ ಮುಗಿಸಿ ಎದ್ದರೂ ಅವರು ಹಾಗೇ ಕೂತಿದ್ದರು. ಹೊಟ್ಟೆಗೂ ಬರೀ ಬಾಳೆಹಣ್ಣು.

ಇಳಿದಾಗ ಅಲ್ಲಿ ಇನ್ನೂ ಮಧ್ಯಾಹ್ನ. ಹುಡುಗನ ತಂದೆ ಫೋನ್ ಮಾಡಿದ. "ಜೋಯಿಸರೇ, ಹುಡುಗನ ಸೋದರಮಾವ ಕಾರು ತಗೊಂಡು ಹೊರಟಿದ್ದಾರೆ. ಅವರು ಬರೋವರೆಗೆ ಅಲ್ಲೇ ಒಂದು ನಿದ್ದೆ ಮಾಡಿ. ಸಂಜೆಯ ಮುಹೂರ್ತಕ್ಕೆ ಬೇಕಾದಷ್ಟು ಹೊತ್ತಿದೆ."

"ನನ್ನೇನು ಅಕ್ಕಿ ಮೂಟೆ ಅಂದುಕೊಂಡಿರಾ, ಬಂದು ಎತ್ತಿಕೊಂಡು ಹೋಗೋದಕ್ಕೆ? ನಾನು ಕಾರು ಕಲಿತಾಗ ನಿಮ್ಮ ಮದುಮಗ ಹುಟ್ಟೇ ಇರಲಿಲ್ಲ. ಹೊರಟವರನ್ನ ವಾಪಸ್ ಕರೆಸಿಕೊಳ್ಳಿ" ಅಂದರು ಜೋಯಿಸರು. ಫೋನನ್ನು ಹೆಂಡತಿಯ ಕೈಗಿಟ್ಟು, ಬಾಡಿಗೆಗೆ ಕಾರು ಹಿಡಿಯಲು ಹೋದರು.

ಅವರು ಅತ್ತ ಹೋದದ್ದೇ ತಡ, ಹೆಂಡತಿ ಅದೇ ಫೋನಿನಲ್ಲಿ ಪಿಸುಗುಟ್ಟಿದರು. "ಬರೋರು ಬರಲಿ ಕಣಪ್ಪ. ಇವರಿಗೆ ಮಾತ್ರ ಹೇಳಬೇಡ."

ಕಾರು ಬಂತು. ಜೋಯಿಸರು ಅಭ್ಯಾಸದಂತೆ ಬಲಗಡೆಯ ಬಾಗಿಲು ತೆಗೆದು ಕೂತರು. ಹೆಂಡತಿ ಎಡಗಡೆ ಕೂತರು. ನೋಡಿದರೆ ಸ್ಟೇರಿಂಗ್ ಹೆಂಡತಿಯ ಮುಂದಿದೆ.

"ಏನ್ರೀ, ನಾನೇ ಓಡಿಸಲಾ?" ಅಂದರು ಹೆಂಡತಿ.

"ಇಳಿ, ಇಳಿ. ತಮಾಷೆ ಸಾಕು" ಅಂದರು ಜೋಯಿಸರು.

ಅದು ಬಲಗಡೆ ಓಡಿಸುವ ದೇಶ. ಆದರೂ ಜೋಯಿಸರು ಹದವಾಗಿಯೇ ಓಡಿಸಿದರು. ರಸ್ತೆ ನೇರವಾಗಿತ್ತು, ಮುಂದಿನ ಕಾರಿನ ಹಿಂದೆ ಹೋದರೆ ಸಾಕಿತ್ತು. ಅವರಿಗೆ ಖುಷಿಯಾಯಿತು. ಮಂಗಳಾಷ್ಟಕ ಗುನುಗಿದರು. ಗುನುಗುವುದು ನಡುನಡುವೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಹೆಂಡತಿ ಅವರ ಮೊಣಕೈ ಅಲ್ಲಾಡಿಸುತ್ತಿದ್ದರು.

"ಒಂದು ಗಳಿಗೆ ನಿಲ್ಲಿಸಿ ಮಲಗಿಬಿಡಿ. ಕಣ್ಣು ಕೆಂಡದ ಹಾಗಾಗಿದೆ."

"ನಿದ್ದೆ ಅಲ್ಲ ಕಣೇ, ವಿಮಾನದ ಗಾಳಿಗೆ ಉರಿ ಅಷ್ಟೇ. ಮುಹೂರ್ತ ಮೀರಿದರೆ ನಿನ್ನ ನಿದ್ದೆ ಬಂದು ತಾಳಿ ಕಟ್ಟಿಸುತ್ತದಾ?"

ಒಂದು ಸಣ್ಣ ಊರು ಬಂತು. ಊರ ನಡುವೆ ಒಂದು ಸರ್ಕಲ್ಲು. ಸರ್ಕಲ್ಲಿನ ನಡುವೆ ಕಲ್ಲಿನ ಮೂರ್ತಿ, ಅದರ ಬುಡದಲ್ಲಿ ಯಾರೋ ಇಟ್ಟ ಹೂವು. ಮುಂದೆ ಯಾವ ಕಾರೂ ಇರಲಿಲ್ಲ. ಆ ದೇಶದವರು ಸರ್ಕಲ್ಲಿಗೆ ಬಂದರೆ ಬಲಕ್ಕೆ ತಿರುಗಿ, ಮೂರ್ತಿಯನ್ನು ಎಡಕ್ಕೆ ಬಿಟ್ಟು ಸುತ್ತುತ್ತಾರೆ. ಜೋಯಿಸರ ಕೈ ಎಡಕ್ಕೆ ತಿರುಗಿತು. ಮೂರ್ತಿಯನ್ನು ಬಲಕ್ಕೆ ಇಟ್ಟುಕೊಂಡು, ಮೆಲ್ಲಗೆ, ಭಕ್ತಿಯಿಂದ, ಗರ್ಭಗುಡಿ ಸುತ್ತುವ ಹಾಗೆ ಸುತ್ತತೊಡಗಿದರು.

ಎದುರಿಗೆ ಒಂದು ಹಾಲಿನ ಲಾರಿ ಬಂತು.

ಲಾರಿ ಕಿರುಚಿಕೊಂಡು ನಿಂತಿತು. ಕಾರೂ ನಿಂತಿತು. ಎರಡರ ನಡುವೆ ಒಬ್ಬ ಮನುಷ್ಯ ಓರೆಯಾಗಿ ತೂರಿದರೆ ಹೆಚ್ಚು.

ಜೋಯಿಸರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕನ್ನಡದಲ್ಲೇ ಕೂಗಿದರು: "ಬುದ್ಧಿ ಬೇಡವೇನಯ್ಯಾ! ಅಪ್ರದಕ್ಷಿಣೆ ಬರ್ತಾ ಇದ್ದೀಯಲ್ಲ!"

ಹೆಂಡತಿ ಅವರ ತೋಳು ಹಿಡಿದು ಒಳಗೆಳೆದರು. ಹೀಗಂದರು. "ರೀ, ಸುತ್ತ ನೋಡಿ. ಊರಿಗೆ ಊರೇ ಅಪ್ರದಕ್ಷಿಣೆ ಬರ್ತಾ ಇದೆ. ಪ್ರದಕ್ಷಿಣೆ ಹಾಕ್ತಾ ಇರೋರು ನೀವೊಬ್ಬರೇ."

ಜೋಯಿಸರು ಸುತ್ತ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. ಅದು ಸ್ಟೇರಿಂಗನ್ನು ಇನ್ನೂ ಎಡಕ್ಕೇ ತಿರುಗಿಸಿ ಹಿಡಿದಿತ್ತು.

ಲಾರಿಯಿಂದ ಇಳಿದವಳು ಒಬ್ಬ ಹೆಂಗಸು. ಬೈಯಲು ಬಾಯಿ ತೆರೆದವಳು ಜೋಯಿಸರ ಕಣ್ಣು ನೋಡಿ ಬಾಯಿ ಮುಚ್ಚಿದಳು. ಅವಳ ಮಾತು ಇವರಿಗೆ ಬರದು, ಇವರ ಮಾತು ಅವಳಿಗೆ ಬರದು. ಅವಳು ಎರಡೂ ಅಂಗೈ ಜೋಡಿಸಿ ಕೆನ್ನೆಯ ಕೆಳಗಿಟ್ಟು, ತಲೆ ಓರೆ ಮಾಡಿ ತೋರಿಸಿದಳು. ಜೋಯಿಸರನ್ನು ಇಳಿಸಿ, ತಾನೇ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು. ಬೀಗದ ಕೈ ತೆಗೆದು ಅವರಿಗೆ ಕೊಡಲಿಲ್ಲ. ಅವರ ಹೆಂಡತಿಯ ಕೈಗೆ ಕೊಟ್ಟು ಹೊರಟುಹೋದಳು.

ಜೋಯಿಸರು ಹಿಂದಿನ ಸೀಟಿನಲ್ಲಿ ಮಲಗಿದರು. ಮಲಗಿದರು ಅನ್ನೋದಕ್ಕಿಂತ ಬಿದ್ದರು ಅನ್ನಬೇಕು.

ಹೆಂಡತಿ ಫೋನ್ ಮಾಡಿದರು; ಅದೇ ದಾರಿಯಲ್ಲಿ ಬರುತ್ತಿದ್ದ ಹುಡುಗನ ಸೋದರಮಾವ ಹುಡುಕಿಕೊಂಡು ಬಂದ. ಕೈಗಡಿಯಾರ ನೋಡಿಕೊಂಡ, ಆಕಾಶ ನೋಡಿದ. "ಅಮ್ಮಾ, ಎಬ್ಬಿಸೋಣವಾ? ಅಲ್ಲಿ ಮದುಮಗಳು ಆಗಲೇ ಸೀರೆ ಉಟ್ಟು ಕೂತಿದ್ದಾಳೆ. ಮುಹೂರ್ತ ತಪ್ಪಿದರೆ ನಮ್ಮ ಭಾವ ನನ್ನನ್ನ ಉಳಿಸೋದಿಲ್ಲ."

"ಈಗ ಎಬ್ಬಿಸಿದರೆ ಮದುಮಗಳನ್ನ ಬಿಟ್ಟು ಅವಳಮ್ಮನ ಹೆಸರು ಹೇಳಿ ಧಾರೆ ಎರೆಸಿಯಾರು. ನಿನ್ನ ಕಾರಿಗೆ ಎತ್ತಿ ಹಾಕಪ್ಪ. ನೀನು ಓಡಿಸು, ಅವರು ಮಲಗಲಿ" ಅಂದರು ಹೆಂಡತಿ.

ಹಾಗೇ ಮಾಡಿದರು. ದಾರಿಯುದ್ದಕ್ಕೂ ಗೊರಕೆ. ಮದುವೆಯ ಮನೆ ಮುಟ್ಟಿದಾಗ ಮುಹೂರ್ತಕ್ಕೆ ಸ್ನಾನ ಮಾಡುವಷ್ಟೇ ಹೊತ್ತು ಉಳಿದಿತ್ತು. ಜೋಯಿಸರು ತಣ್ಣೀರು ಹೊಯ್ದುಕೊಂಡು, ಮಡಿ ಉಟ್ಟು ಬಂದು ಕೂತರು. ಒಂದು ಮಂತ್ರ ತಪ್ಪಲಿಲ್ಲ, ಒಂದು ಹೆಸರು ತಪ್ಪಲಿಲ್ಲ. ಅಗ್ನಿ ಸುತ್ತುವ ಹೊತ್ತಿಗೆ ಮಾತ್ರ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು.

"ಏನಪ್ಪಾ ಮದುಮಗನೇ, ರಾತ್ರಿ ನಿದ್ದೆ ಮಾಡಿದ್ದೀಯಾ?" ಅಂತ ಕೇಳಿದರು.

ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ಜೋಯಿಸರ ಹೆಂಡತಿ ನಗಲಿಲ್ಲ.

ಈಗ ಯಾರು ಏನಾದರು ಕೇಳು. ಮದುಮಗ, ಮದುಮಗಳು ಚೆನ್ನಾಗಿದ್ದಾರೆ, ಒಂದು ಹೆಣ್ಣು ಮಗು ಇದೆ, ಅದು ರಾತ್ರಿ ಮಲಗುವುದಿಲ್ಲವಂತೆ. ಸೋದರಮಾವನಿಗೆ ಭಾವನಿಂದ ಒಂದು ರೇಷ್ಮೆ ಪಂಚೆ ಬಂತು; ಅದನ್ನು ಉಟ್ಟುಕೊಂಡು ಈ ಕತೆಯನ್ನು ಹೋದಲ್ಲೆಲ್ಲ ಹೇಳುತ್ತಾನೆ, ಅದರಲ್ಲಿ ಗೊರಕೆಯೇ ಹೆಚ್ಚು. ಹಾಲಿನ ಲಾರಿಯವಳು ತನ್ನ ದಾರಿ ಹಿಡಿದು ಹೋದಳು, ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಜೋಯಿಸರ ಹೆಂಡತಿ ದಿನಾ ದೇವರ ಮುಂದೆ ಮನೆಯವರ ಹೆಸರೆಲ್ಲ ಹೇಳಿ ಮುಗಿಸಿ, ಕೊನೆಗೆ "ಆ ಹಾಲಿನವಳು" ಅಂತ ಸೇರಿಸಿಕೊಳ್ಳುತ್ತಾರೆ. ಜೋಯಿಸರು ಈಗಲೂ ಮದುವೆ ಮಾಡಿಸುತ್ತಾರೆ, ಈಗಲೂ ಕಾರು ಓಡಿಸುತ್ತಾರೆ. ನಿದ್ದೆಗೆಟ್ಟ ದಿನ ಮಾತ್ರ ಬಸ್ಸಿಗೆ ಹೋಗುತ್ತಾರೆ.

ಓಬಳೇಶ ಕೇಳಿದ. "ಹಾಗಾದರೆ ಅಜ್ಜೀ, ಅಷ್ಟು ಕಲಿತ ಜೋಯಿಸರು ಓಡಿಸಿಯೂ ಕಾರು ಯಾಕೆ ತಪ್ಪು ದಾರಿ ಹಿಡಿಯಿತು?"

"ಜೋಯಿಸರು ಮಲಗಿದ್ದರಪ್ಪ, ಓಡಿಸುತ್ತಿದ್ದದ್ದು ಅವರ ಕಲಿಕೆ" ಅಂದೆ.