ಗೂಟಕ್ಕೆ ಕಟ್ಟಿದ ರಾಜ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಒಂದೇ ಊರಿಗೆ ರಾಜ ಯಾಕೆ ಅಂತ ಕೇಳಬೇಡಿ, ಚಿಕ್ಕ ರಾಜ. ಅವನಿಗೆ ಛಂದಸ್ಸಿನ ಹುಚ್ಚು. ಛಂದಸ್ಸು ಅಂದರೆ ಪದ್ಯದ ಅಳತೆ. ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ, ಉದ್ದ ಅಕ್ಷರಕ್ಕೆ ಎರಡು. ಒತ್ತಕ್ಷರದ ಹಿಂದೆ ನಿಂತದ್ದಕ್ಕೂ ಎರಡೇ. ಯಾಕೆಂದರೆ ಅದು ಒತ್ತಿಸಿಕೊಂಡಿರುತ್ತದೆ, ಪಾಪ. ನಾಲ್ಕು ನಾಲ್ಕು ಮಾತ್ರೆ ಸರಿಯಾಗಿ ಕೂತ ಮಾತೆಲ್ಲ ನಿಜ, ಕೂರದ್ದೆಲ್ಲ ಸುಳ್ಳು. ಇದು ರಾಜನ ಕಾನೂನು.

ಆ ಊರಿನ ಸಣ್ಣೀರ ಹುಚ್ಚೀರಮ್ಮನ ಎಮ್ಮೆಯನ್ನು ಕದ್ದ. ಕದ್ದು ತನ್ನ ಮನೆ ಮುಂದೆಯೇ ಕಟ್ಟಿದ. ಹುಚ್ಚೀರಮ್ಮನಿಗೆ ಇದ್ದದ್ದು ಅದೊಂದೇ ಎಮ್ಮೆ. ಅವಳು ಅಳುತ್ತ ಆಸ್ಥಾನಕ್ಕೆ ಹೋದಳು. ಎಮ್ಮೆಯನ್ನೂ ಕರೆಸಿದರು.

ಸಣ್ಣೀರ ತೊಡೆ ತಟ್ಟಿ ಹಾಡಿದ:

"ಗೂಟವು ನನ್ನದು, ಹಗ್ಗವು ನನ್ನದು, ಎಮ್ಮೆಯು ನನ್ನದೆ ತಾನೇ?"

ಛಂದೋಮಂತ್ರಿ ಬೆರಳು ಮಡಚಿ ಎಣಿಸಿದ. "ಒಂದು ಮಾತ್ರೆಯೂ ಆಚೀಚೆ ಇಲ್ಲ ಪ್ರಭು. ನಿಜ."

"ಕರುವಿದ್ದಾಗಿಂದ ನಾನೇ ಸಾಕಿದ್ದು ಬುದ್ಧಿ," ಅಂದಳು ಹುಚ್ಚೀರಮ್ಮ. "ನೋಡಿ, ನನ್ನ ಮೊಣಕೈ ನೆಕ್ಕುತ್ತಿದೆ."

"ನೆಕ್ಕುವುದರಲ್ಲಿ ಮಾತ್ರೆ ಇಲ್ಲ," ಅಂದ ಮಂತ್ರಿ.

ಎಮ್ಮೆ ಸಣ್ಣೀರನ ಪಾಲಾಯಿತು. ಹುಚ್ಚೀರಮ್ಮ ಮನೆಗೆ ಹೋಗಿ ಒಂದು ಗೂಟ, ಒಂದು ಹಗ್ಗ, ಒಂದು ಚೆಂಬು ತಂದಳು. ಗೂಟವನ್ನು ಸಿಂಹಾಸನದ ಪಕ್ಕದಲ್ಲೇ ಹೊಡೆದಳು. ರಾಜನ ಸೊಂಟಕ್ಕೆ ಹಗ್ಗ ಬಿಗಿದಳು. ಹಾಡಿದಳು:

"ಗೂಟವು ನನ್ನದು, ಹಗ್ಗವು ನನ್ನದು, ರಾಜನು ನನ್ನವ ತಾನೇ?"

ಮಂತ್ರಿ ಎಣಿಸಿದ. ಮತ್ತೆ ಎಣಿಸಿದ. "ಸರಿಯಾಗಿ ಕೂತಿದೆ ಪ್ರಭು. ನೀವು ಇವಳವರು."

"ಚೆಂಬು ಯಾಕಮ್ಮ?" ಅಂದ ರಾಜ.

"ಎಮ್ಮೆ ಹೋಯಿತಲ್ಲ ಬುದ್ಧಿ. ಹಾಲಿಗೆ ಇನ್ಯಾರನ್ನು ಕರೆಯಲಿ? ಸ್ವಲ್ಪ ಎದ್ದು ನಿಲ್ಲಿ."

"ನಾನು ಎಮ್ಮೆಯಲ್ಲ, ಬಿಡಮ್ಮ."

"ಮೊದಲ ನಾಲ್ಕು ಮಾತ್ರೆಯಲ್ಲೇ ಎಡವಿದಿರಿ ಪ್ರಭು," ಅಂದ ಮಂತ್ರಿ. "ಮಾತು ಸುಳ್ಳು. ಅಂದಮೇಲೆ ನೀವು ಎಮ್ಮೆ."

ಹುಚ್ಚೀರಮ್ಮ ಚೆಂಬು ಹಿಡಿದು ಕುಕ್ಕರಗಾಲಲ್ಲಿ ಕೂತಳು. ರಾಜನ ಹಣೆಯಲ್ಲಿ ಬೆವರು ಬಂತು. ಬೆವರಿನ ಜೊತೆ ಪದ್ಯವೂ ಬಂತು:

"ಕಟ್ಟಿದ ಮಾತ್ರಕೆ ನನ್ನದು ಎನ್ನುವ ಮಾತಿಗೆ ಬುಡವೇ ಇಲ್ಲಾ."

ಮಂತ್ರಿ ಎಣಿಸಿ ತಲೆ ಹಿಡಿದುಕೊಂಡ. "ಇದೂ ಕೂತಿದೆ. ಸಣ್ಣೀರನದೂ ಕೂತಿದೆ. ಎರಡೂ ನಿಜ."

"ಅವನದನ್ನು ನಂಬಿದರೆ?"

"ನಿಮ್ಮನ್ನು ಕರೆಯುತ್ತಾರೆ ಪ್ರಭು."

"ಹಾಗಾದರೆ ನನ್ನದೇ ನಿಜ."

ಕಟ್ಟಿದ ಮಾತ್ರಕ್ಕೆ ರಾಜ ಅವಳವನಲ್ಲ. ಕಟ್ಟಿದ ಮಾತ್ರಕ್ಕೆ ಎಮ್ಮೆಯೂ ಸಣ್ಣೀರನದಲ್ಲ. ಇಬ್ಬರ ಹಗ್ಗವನ್ನೂ ಬಿಚ್ಚಿದರು. ಎಮ್ಮೆ ಯಾರ ಮಾತನ್ನೂ ಕೇಳದೆ ಹುಚ್ಚೀರಮ್ಮನ ಮನೆಗೆ ನಡೆಯಿತು. ರಾಜನೂ ಗಾಬರಿಯಲ್ಲಿ ಅದರ ಹಿಂದೆಯೇ ಅರ್ಧ ದಾರಿ ಹೋಗಿದ್ದ; ಮಂತ್ರಿ ತಿರುಗಿಸಿಕೊಂಡು ಬಂದ.

ನೀತಿ ಏನಪ್ಪಾ ಅಂದರೆ, ಮಾತು ಕುಣಿದರೆ ನೀವೂ ಕುಣಿಯಿರಿ, ತಪ್ಪಿಲ್ಲ. ತೀರ್ಪು ಕೊಡುವಾಗ ಮಾತ್ರ ಕೂತುಕೊಳ್ಳಿ. ಎಮ್ಮೆ ಕೊಟ್ಟಿಗೆಗೆ, ರಾಜ ಅರಮನೆಗೆ, ನಾವು ಊಟಕ್ಕೆ.