ಎಣ್ಣೆ ಬೇಡವೆಂದ ಚಾಕು

ಭವಾನಕ್ಕನ ಅಡುಗೆಮನೆಗೆ ಮಖಮಲ್ಲಿನ ಪೆಟ್ಟಿಗೆಯಲ್ಲಿ ಪವಡಿಸಿಕೊಂಡು ಒಂದು ವಿದೇಶಿ ಚಾಕು ಬಂದಿಳಿಯಿತು. ಬಂದದ್ದೇ ತಡ, ಮೂಲೆಯಲ್ಲಿದ್ದ ಹಳೆಯ ಈಳಿಗೆಮಣೆಗೆ ತನ್ನ ಉಕ್ಕಿನ ಕುಲಗೋತ್ರ ಹೇಳತೊಡಗಿತು.

"ನನ್ನ ಬೆಲೆಗೆ ನಿನ್ನಂಥವರ ಒಂದು ಸಂತೆಯನ್ನೇ ಕೊಳ್ಳಬಹುದು, ತಿಳಿಯಿತೇ?"

"ತಿಳಿಯಿತು ಸ್ವಾಮಿ. ಆದರೆ ಇವತ್ತು ಮನೆಗೆ ಹಲಸಿನಹಣ್ಣು ಬಂದಿದೆ. ಮೇಣ ಅಂಟದಂತೆ ಮೈಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿಸಿಕೊಳ್ಳಿ."

"ಎಣ್ಣೆಯೇ? ಅದೆಲ್ಲ ನಿನ್ನಂಥ ಬಡ ಕಬ್ಬಿಣಕ್ಕೆ!"

ಭವಾನಕ್ಕನಿಗೂ ಆ ಮಿಂಚುವ ಮೈಗೆ ಎಣ್ಣೆ ಬಳಿಯಲು ಮನಸ್ಸು ಬರಲಿಲ್ಲ.

ಚಾಕು ಹಣ್ಣಿನೊಳಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. "ನೋಡಿದೆಯಾ!" ಎಂದು ಒಳಗಿನಿಂದಲೇ ಕೂಗಿತು. ಹೊರಗೆ ಬರಲು ಮಾತ್ರ ಆಗಲಿಲ್ಲ. ಕಳೆದುಹೋದ ಸೋದರಮಾವ ಸಿಕ್ಕಿದನೇನೋ ಎಂಬಂತೆ ಮೇಣ ಅದನ್ನು ತಬ್ಬಿಕೊಂಡಿತ್ತು.

ಭವಾನಕ್ಕ ಹಣ್ಣನ್ನು ಕಾಲಲ್ಲಿ ಒತ್ತಿ ಹಿಡಿದು, ಉಸ್ಸಪ್ಪಾ ಎಂದು ಚಾಕುವನ್ನು ಕಿತ್ತಳು. ಮೇಣ ಕರಗಲೆಂದು ಅದನ್ನು ಒಲೆಯ ಉರಿಗೆ ಹಿಡಿದಳು. ಮೇಣವೂ ಕರಗಿತು, ಉರಿಯ ಕಾವಿಗೆ ಉಕ್ಕಿನ ಹದವೂ ಇಳಿದು ಅಲಗು ಮೊಂಡಾಯಿತು.

ಮರುದಿನ ಚಾಕು ಟೊಮೆಟೊ ಮೇಲೆ ಹಿಂದೆ ಮುಂದೆ ಜಾರಿತು. "ಅಯ್ಯೋ, ಕಚಗುಳಿ ಇಡಬೇಡಿ ಸ್ವಾಮಿ!" ಎಂದು ಟೊಮೆಟೊ ಬಿದ್ದು ಬಿದ್ದು ನಕ್ಕಿತು.

ಚಾಕು ಮೆಲ್ಲನೆ ಈಳಿಗೆಮಣೆಯನ್ನು ಕೇಳಿತು: "ಅಣ್ಣಾ, ಆ ಎಣ್ಣೆ ಇನ್ನೂ ಇದೆಯೇ?"

"ಇದೆಯಪ್ಪಾ. ಆದರೆ ಅದನ್ನು ಹಚ್ಚುವುದು ಕತ್ತರಿಸುವವರಿಗೆ."