ಗಂಜಿಹಿಟ್ಟಿನ ಗುಳಿಗೆ

“ಗುರುಗಳೇ, ನಮ್ಮವರ ತಪ್ಪು ಕಣ್ಣಿಗೆ ಬಿದ್ದರೂ ಅವರ ಮಾನ ಕಾಯಲೆಂದು ಸುಮ್ಮನಿರುವುದು ಪ್ರೀತಿಯಲ್ಲವೇ?”

ಹೀಗೆ ಕೇಳಿದ ಶಿಷ್ಯ ಎಂಟು ದಿನ ಊರಲ್ಲಿ ಮನೆಯವರೊಂದಿಗಿದ್ದು ಬರುತ್ತೇನೆಂದು ಹೋಗಿ ಮೂರೇ ದಿನಕ್ಕೆ ಮಠಕ್ಕೆ ಹಿಂದಿರುಗಿದ್ದ. ಗುರುಗಳು ಅವನ ಮುಖವನ್ನು ಒಮ್ಮೆ ನೋಡಿದರು. “ಪ್ರಶ್ನೆ ದೊಡ್ಡದು, ಕತೆ ಸಣ್ಣದು. ಕೂತುಕೋ,” ಎಂದು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಮನೆಯಲ್ಲಿ ತಾಯಿ, ಹೆಂಡತಿ, ಒಂದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಕೆಲಸ; ಸೊಂಟ ಗಟ್ಟಿಯಿದ್ದರೆ ಮಗ್ಗ, ಮಗ್ಗವಿದ್ದರೆ ಮನೆ. ಒಂದು ದಿನ ಅವನು ಅಟ್ಟದಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ. ವೈದ್ಯ ಅಫೀಮು ಬೆರೆಸಿದ ಕರಿಯ ಗುಳಿಗೆ ಕೊಟ್ಟ. “ಸಂಜೀಗೆ ಒಂದು, ಇಪ್ಪತ್ತೊಂದು ದಿನ. ಮುಂದ ಬ್ಯಾಡ,” ಎಂದ.

ಇಪ್ಪತ್ತೆರಡನೆಯ ದಿನ ನೇಕಾರ ಮಗ್ಗಕ್ಕೆ ಇಳಿಯಲಿಲ್ಲ. ಮೈ ನಡುಗಿತು, ಬೆವರಿತು. ಹೆಂಡತಿಯ ಕರುಳು ಚುರ್ರೆಂದಿತು. ಅವಳೇ ವೈದ್ಯನ ಮನೆಗೆ ಹೋಗಿ, ಸೊಂಟದ ನೋವು ಹೋಗಿಲ್ಲವೆಂದು ಹೇಳಿ, ಮತ್ತಷ್ಟು ಗುಳಿಗೆ ತಂದಳು. ನುಂಗಿದ ಗಂಡ ನಕ್ಕ, ಮಗ್ಗಕ್ಕೆ ಇಳಿದ. ಲಾಳಿಯ ಸದ್ದು ಕೇಳಿ ಅತ್ತೆ ಸೊಸೆ ಇಬ್ಬರಿಗೂ ಹೋದ ಜೀವ ಬಂದಂತಾಯಿತು. ಅವರನ್ನು ಬೈಯುವುದು ನಮಗೆ ಸುಲಭ, ನಾವು ಅಲ್ಲಿರಲಿಲ್ಲ.

ಒಂದು ಗುಳಿಗೆ ಎರಡಾಯಿತು, ಎರಡು ನಾಲ್ಕಾಯಿತು. ವೈದ್ಯ ತಡವಾಗಿ ಎಚ್ಚೆತ್ತು, ಇನ್ನು ಕೊಡುವುದಿಲ್ಲವೆಂದ. ನೇಕಾರ ಬೇರೆ ಊರುಗಳ ವೈದ್ಯರನ್ನು ಹುಡುಕಿದ. ಒಬ್ಬನಿಗೆ ಹಲ್ಲುನೋವೆಂದ, ಇನ್ನೊಬ್ಬನಿಗೆ ತಲೆನೋವೆಂದ, ಮತ್ತೊಬ್ಬನಿಗೆ ಮೊಣಕಾಲೆಂದ. ಅವನ ಮೈಯಲ್ಲಿ ನೋಯದೆ ಉಳಿದ ಜಾಗವೇ ಇರಲಿಲ್ಲ. ಸೀರೆಯ ಅಂಚು ಸೊಟ್ಟಾಗತೊಡಗಿತು. ಅವನಿಗೆ ಕಣ್ಣು ಮಂದವಾಗಿದೆಯೆಂದು ಹೆಂಡತಿ ನೆರೆಯವರಿಗೆ ಹೇಳಿದಳು. ಮಗ ದುಡಿದು ಸೋತಿದ್ದಾನೆಂದು ತಾಯಿ ಹೇಳಿದಳು. ಕೇಳಿದವರು ತಲೆಯಾಡಿಸಿ ಹೋದರು.

ನಾಲ್ಕು ವರ್ಷದ ಮೇಲೆ ತಾಯಿಯ ಹೊಟ್ಟೆಯಲ್ಲಿ ಗಡ್ಡೆ ಎದ್ದಿತು. ಊರ ವೈದ್ಯ ಬಂದು ನೋಡಿದ. ಇದು ವಾಸಿಯಾಗುವುದಲ್ಲ, ನೋವಿಲ್ಲದೆ ಹೋಗಲಿ ಎಂದು ಸೊಸೆಯ ಕೈಗೆ ಅದೇ ಕರಿಯ ಗುಳಿಗೆಯ ಭರಣಿ ಕೊಟ್ಟ. ಸೊಸೆ ಅದನ್ನು ಅತ್ತೆಯ ತಲೆದಿಂಬಿನ ಕೆಳಗಿಟ್ಟಳು. ಹೆತ್ತ ಮಗ ಅಲ್ಲಿಗೆ ಕೈ ಹಾಕಲಾರನೆಂದು ನಂಬಿದಳು.

ಮರುದಿನದಿಂದ ನೇಕಾರ ಸಂಜೆ ತಪ್ಪದೆ ತಾಯಿಯ ಹಾಸಿಗೆಯ ಬಳಿ ಕೂರತೊಡಗಿದ. ಕಾಲೊತ್ತಿದ, ದಿಂಬು ಸರಿಮಾಡಿದ. ಹೆಂಡತಿಗೆ ಸಂತೋಷವಾಯಿತು. ಆದರೆ ಗುಳಿಗೆ ನುಂಗಿದ ಮೇಲೂ ಮುದುಕಿ ಹಲ್ಲು ಕಚ್ಚಿಕೊಂಡು ಹೊರಳುತ್ತಿದ್ದಳು. ಒಂದು ದಿನ ಸೊಸೆ ಗುಳಿಗೆಯೊಂದನ್ನು ಬೆರಳಲ್ಲಿ ಒತ್ತಿದಳು. ಪುಡಿಯಾಯಿತು. ಮೂಸಿದಳು. ನೂಲು ಗಟ್ಟಿಯಾಗಲೆಂದು ಹಾಕುವ ಗಂಜಿಹಿಟ್ಟು, ಅದಕ್ಕೆ ಕಲಸಿದ ದೀಪದ ಮಸಿ. ಪುಡಿಯನ್ನು ಹಿಡಿದೇ ಗಂಡನ ಕಡೆಗೆ ಎದ್ದಳು.

ಅತ್ತೆ ಅವಳ ಮಣಿಕಟ್ಟು ಹಿಡಿದಳು.

“ಹುಟ್ಟಿದಾಗಿಂದ ನೂಲಿಗೆ ಗಂಜಿ ಹಾಕೀನಿ. ಅದು ನನಗ ಗೊತ್ತಾಗಂಗಿಲ್ಲೇನ? ಅವಗ ಹೇಳಬ್ಯಾಡವ್ವ. ನಾಚಿಕಿ ಆದ್ರ ಬರೋದ ಬಿಡ್ತಾನ. ಕದಿಯಾಕರೆ ಬಂದು ಒಂದೀಟು ಹೊತ್ತು ನನ್ನ ಹತ್ರ ಕುಂದ್ರತಾನ.”

ಸೊಸೆ ಹೇಳಲಿಲ್ಲ. ಭರಣಿಯನ್ನು ಬಚ್ಚಿಡಲೂ ಇಲ್ಲ. ಬಚ್ಚಿಟ್ಟರೆ ತನಗೆ ಗೊತ್ತಾಗಿದೆಯೆಂದು ಗಂಡನಿಗೆ ತಿಳಿದುಬಿಡುತ್ತದಲ್ಲ! ಹತ್ತೊಂಬತ್ತು ದಿನ ತನ್ನ ಕೈಯಿಂದಲೇ ಗಂಜಿಹಿಟ್ಟಿನ ಗುಳಿಗೆಯನ್ನು ಅತ್ತೆಯ ಬಾಯಿಗಿಟ್ಟು ನೀರು ಕುಡಿಸಿದಳು. ಇಪ್ಪತ್ತನೆಯ ದಿನ ಮುದುಕಿ ಹೋದಳು. ಅವಳ ಕೆಳತುಟಿ ಅವಳದೇ ಹಲ್ಲಿಗೆ ಸಿಕ್ಕಿ ಒಡೆದಿತ್ತು. ಸೊಸೆ ಅದನ್ನು ಒರೆಸಿ, ಬಂದವರಿಗೆ ಕಾಣದಂತೆ ಮುಖಕ್ಕೆ ಸೆರಗು ಎಳೆದಳು.

ಸೂತಕದ ಹನ್ನೊಂದು ದಿನ ಆ ಮನೆಯವರು ಮಗ್ಗ ಮುಟ್ಟುವಂತಿಲ್ಲ, ಇನ್ನೊಬ್ಬರ ಹೊಸ್ತಿಲು ತುಳಿಯುವಂತಿಲ್ಲ. ಯಾವ ವೈದ್ಯನ ಹೊಸ್ತಿಲನ್ನೂ. ಭರಣಿಯಲ್ಲಿ ನಿಜವಾದ ಗುಳಿಗೆ ಒಂದೂ ಉಳಿದಿರಲಿಲ್ಲ. ನೇಕಾರ ಮಗ್ಗದ ಕುಣಿಯಲ್ಲಿ ಮುದುಡಿ ಬಿದ್ದ. ವಾಂತಿ ಮಾಡಿಕೊಂಡ, ಹೆಂಡತಿಯ ಕಾಲು ಹಿಡಿದ, ಅವಳ ತವರಿನವರನ್ನೆಲ್ಲ ಹೆಸರು ಹಿಡಿದು ಬೈದ. ಹೆಂಡತಿ ಮಜ್ಜಿಗೆ ಕುಡಿಸಿದಳು, ಮೈ ಒರೆಸಿದಳು, ಬಾಗಿಲಿಗೆ ಅಡ್ಡ ಕೂತಳು. ಅವಳ ಕರುಳು ಈಗಲೂ ಚುರ್ರೆಂದಿತು. ಈ ಸಲ ಎದ್ದು ಹೋಗಲಿಲ್ಲ, ಅಷ್ಟೇ.

ಹನ್ನೆರಡನೆಯ ದಿನ ಅವನು ಸ್ನಾನ ಮಾಡಿ ನಾಲ್ಕು ತುತ್ತು ಉಂಡ. ಎರಡು ತಿಂಗಳ ಮೇಲೆ ಲಾಳಿ ಹಿಡಿದ. ಸೀರೆಯ ಅಂಚು ನೇರ ಬಂತು. ಹೆಂಡತಿ ಅದನ್ನು ಬೆರಳಲ್ಲಿ ಸವರುತ್ತಿದ್ದಾಗ ಅವನು ಕೈ ನಿಲ್ಲಿಸಿ, ಅವಳ ಮುಖ ನೋಡದೆ ಕೇಳಿದ.

“ಅವ್ವಗ ಗೊತ್ತಿತ್ತೇನ?”

ಇಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ನಾಲ್ಕು ವರ್ಷದಿಂದ ಅಂಥ ಮಾತು ಆಡಿ ಅವಳಿಗೆ ರೂಢಿಯಾಗಿತ್ತು. ಅಂದು ಅದು ಅವಳಿಗೇ ಹೇಸಿಗೆಯೆನಿಸಿತು.

“ಗೊತ್ತಿತ್ತು. ನನಗೂ ಗೊತ್ತಿತ್ತು. ನಿಮಗ ನಾಚಿಕಿ ಆಗಬಾರದಂತ ಇಬ್ಬರೂ ಸುಮ್ಮನಿದ್ವಿ.”

ನೇಕಾರ ಕುಣಿಯೊಳಗಿನ ತನ್ನ ಕಾಲುಗಳನ್ನೇ ನೋಡುತ್ತ ಹೇಳಿದ.

“ನನಗ ನಾಚಿಕಿ ಆಗಿದ್ರ ಅವ್ವ ನೋವಿಲ್ದ ಹೋಗ್ತಿದ್ಲು.”

ಅವನು ಮತ್ತೆ ಗುಳಿಗೆ ಮುಟ್ಟಲಿಲ್ಲ. ಆ ಮಾತನ್ನೂ ಮತ್ತೆ ಎತ್ತಲಿಲ್ಲ. ಆದರೆ ಪ್ರತಿ ಸಂಜೆ ಮಗ್ಗ ಬಿಟ್ಟೆದ್ದು, ತಾಯಿಯ ಹಾಸಿಗೆಯಿದ್ದ ಜಾಗದಲ್ಲಿ ಬರಿಗೈಯಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದ. ಹೆಂಡತಿ ಒಲೆಯ ಮುಂದೆ ಕೂತು, ಅವನು ಏಳುವವರೆಗೂ ಕಾಯುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿಯೇ ಕೇಳಿದ: “ಹೆಚ್ಚಿನ ತಪ್ಪು ಯಾರದು ಗುರುಗಳೇ? ತಾಯಿಯದೋ, ಹೆಂಡತಿಯದೋ?”

ಗುರುಗಳೆಂದರು: “ಅದಿರಲಿ, ನೀನು ಬಾಯಿ ಮುಚ್ಚಿಕೊಂಡು ಎದ್ದು ಬಂದ ಮನೆ ಇಲ್ಲಿಂದ ಎಷ್ಟು ದೂರ?”